ಕಾಣುವ ಹಾಸು, ಕಾಣದ ತಳ: ಮಳೆಯ ನಾಡಿನಲ್ಲಿ ಮನೆಯ ನೆಲ

ಕಾಸರಗೋಡಿನ ಕಡೆ ಮನೆ ಕಟ್ಟಿಸುವವರು ನೆಲದ ಮಾತನ್ನು ಎತ್ತುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಯಲ್ಲಿ. ಗೋಡೆ ಎದ್ದು, ತಾರಸಿ ಹಾಕಿ, ಸಾರಣೆ ಮುಗಿದು, ಕೈಯಲ್ಲಿದ್ದ ಹಣ ಮುಕ್ಕಾಲು ಪಾಲು ಕರಗಿದ ಮೇಲೆ ಟೈಲ್ಸ್ ಅಂಗಡಿಗೆ ಹೋಗುತ್ತಾರೆ. ಸಾಲಾಗಿ ನಿಲ್ಲಿಸಿದ ಹೊಳೆಯುವ ಹಲಗೆಗಳ ಎದುರು ನಿಂತು ಬಣ್ಣ ಯಾವುದಿರಲಿ, ಚದರ ಅಡಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಆ ಹೊತ್ತಿಗೆ ನೆಲದ ಹಣೆಬರಹ ಬಹುಮಟ್ಟಿಗೆ ಬರೆದಾಗಿರುತ್ತದೆ. ಅಡಿಪಾಯದೊಳಗೆ ತುಂಬಿದ ಮಣ್ಣು ಎಷ್ಟು ಗಟ್ಟಿಯಾಗಿದೆ, ಅದರ ಮೇಲಿನ ಕಾಂಕ್ರೀಟಿಗೂ ಮಣ್ಣಿಗೂ ನಡುವೆ ನೀರಿಗೆ ಏನು ತಡೆ ಇದೆ, ನೀರು ಹರಿದುಹೋಗಲು ಎಷ್ಟು ಇಳಿಜಾರು ಇದೆ ಎಂಬ ಮೂರು ಸಂಗತಿಗಳು ಮೇಲೆ ಹಾಸುವ ಟೈಲು, ಕಲ್ಲು, ಕಾವಿ ಯಾವುದೇ ಆಗಲಿ ಅದರ ಆಯುಸ್ಸನ್ನು ನಿರ್ಧರಿಸುತ್ತವೆ. ಆದುದರಿಂದ ಈ ಲೇಖನವು ಹಾಸಿನ ಬಗೆಗಳಿಗೆ ಬರುವ ಮೊದಲು ನೀರಿನ ಮಾತನ್ನು ಆಡುತ್ತದೆ.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಬೀಳುತ್ತದೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ನಮ್ಮ ಮನೆಗಳ ಅಡಿಪಾಯವೂ ಗೋಡೆಯೂ ಹೆಚ್ಚಾಗಿ ಕೆಂಪುಕಲ್ಲಿನವು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅವನು ಈ ಹೆಸರನ್ನು ಮಾಡಿದ. ನೆಲದೊಳಗಿರುವಾಗ ಕತ್ತಿಗೆ ಕಡಿಯುವಷ್ಟು ಮೆದುವಾಗಿದ್ದು, ಗಾಳಿಗೆ ಬಂದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಆದರೆ ಅದರ ಮೈಯೆಲ್ಲ ತೂತು. ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಕೆಂಪುಕಲ್ಲು ಮಣ್ಣಿನ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಸಿಮೆಂಟು ಗಾರೆಯೂ ಕಾಂಕ್ರೀಟೂ ಅದೇ ಕೆಲಸವನ್ನು ಇನ್ನೂ ನಿಧಾನವಾಗಿ, ಇನ್ನೂ ಸೂಕ್ಷ್ಮವಾದ ರಂಧ್ರಗಳ ಮೂಲಕ ಮಾಡುತ್ತವೆ. ರಂಧ್ರ ಸಣ್ಣದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ.

ಮಳೆಗಾಲದ ಆರಂಭದಲ್ಲಿ ಅನೇಕ ಮನೆಗಳಲ್ಲಿ ನೆಲ ಒದ್ದೆಯಾಗುವುದಕ್ಕೆ ಯಾವಾಗಲೂ ಈ ಏರುತೇವವೇ ಕಾರಣವಲ್ಲ. ಮೇ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಮರುದಿನ, ಒರಸಿದಷ್ಟೂ ಟೈಲಿನ ಮೇಲೆ ಹನಿ ಕೂರುವುದನ್ನು ನಾವೆಲ್ಲರೂ ನೋಡಿದ್ದೇವೆ. ಗಾಳಿಯ ಉಷ್ಣತೆ 30 ಡಿಗ್ರಿ, ತೇವಾಂಶ ಶೇಕಡಾ 85 ಇದ್ದರೆ, 27 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲೂ ಆ ಗಾಳಿಯಲ್ಲಿರುವ ಆವಿ ನೀರಾಗಿ ಕೂರುತ್ತದೆ. ಮಣ್ಣಿಗೆ ಅಂಟಿಕೊಂಡಿರುವ ನೆಲ ಮನೆಯ ಗಾಳಿಗಿಂತ ತಣ್ಣಗಿರುವುದು ಸಹಜ. ಆದುದರಿಂದ ಅದು ಬೆವರುತ್ತದೆ. ಇದು ದೋಷವಲ್ಲ. ಕಿಟಕಿಗಳನ್ನು ತೆರೆದಿಟ್ಟರೆ ಒಳ್ಳೆಯದೆಂದು ತೋರಿದರೂ ಹೊರಗಿನ ಗಾಳಿಯೇ ತೇವದಿಂದ ತುಂಬಿದ ಹೊತ್ತಿನಲ್ಲಿ ಅದರಿಂದ ಬೆವರು ಹೆಚ್ಚಾಗುತ್ತದೆ. ಫ್ಯಾನು ತಿರುಗಿಸಿ ನೆಲದ ಮೈಯ ಗಾಳಿಯನ್ನು ಚಲಿಸುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ.

ಇವೆರಡನ್ನೂ ಬೇರ್ಪಡಿಸಿ ತಿಳಿಯಲು ಸುಲಭವಾದ ಒಂದು ಪರೀಕ್ಷೆ ಇದೆ. ನಮ್ಮ ಹಳೆಯ ಮನೆಯ ಚಾವಡಿಯಲ್ಲಿ ನಾನೇ ಮಾಡಿ ನೋಡಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ನೆಲದ ಮೇಲೆ ಹಾಸಿ, ನಾಲ್ಕು ಅಂಚುಗಳನ್ನೂ ಎಲ್ಲಿಯೂ ಗಾಳಿ ನುಸುಳದ ಹಾಗೆ ಟೇಪಿನಿಂದ ಒತ್ತಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಮರುದಿನ ಬೆಳಿಗ್ಗೆ ಹಾಳೆಯ ಮೇಲ್ಭಾಗ ಒಣಗಿತ್ತು. ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಹನಿಗಳು ಒತ್ತೊತ್ತಾಗಿ ಕೂತಿದ್ದವು, ಹಾಳೆ ಎತ್ತಿದಾಗ ಕೆಳಗಿನ ಕಾವಿ ನೆಲ ಅಷ್ಟು ಜಾಗದಲ್ಲಿ ಮಾತ್ರ ಕಪ್ಪು ಕೆಂಪಾಗಿತ್ತು. ಹನಿ ಹಾಳೆಯ ಮೇಲೆ ಕೂತಿದ್ದರೆ ಅದು ಗಾಳಿಯ ನೀರು, ಕೆಳಗೆ ಕೂತಿದ್ದರೆ ಮಣ್ಣಿನ ನೀರು. ನಮ್ಮದು ಮಣ್ಣಿನ ನೀರಾಗಿತ್ತು. ಹಳೆಯ ನೆಲದ ಮೇಲೆ ಟೈಲು, ವಿನೈಲ್ ಅಥವಾ ಮರದ ಹಾಸು ಹಾಕಬೇಕೆಂದಿರುವವರು ಹಣ ಕೊಡುವ ಮೊದಲು ಈ ಪರೀಕ್ಷೆಯನ್ನು, ಸಾಧ್ಯವಾದರೆ ಜುಲೈ ತಿಂಗಳಲ್ಲಿ, ಮಾಡಿಸಿಕೊಳ್ಳಬೇಕೆಂದು ನನ್ನ ಆಗ್ರಹ. ಮಾರ್ಚಿನಲ್ಲಿ ಎಲ್ಲ ನೆಲವೂ ಒಣ ನೆಲವೇ.

ತಳ

ಹೊಸ ಮನೆಯಾದರೆ ತಡೆಯನ್ನು ಮೊದಲೇ ಕಟ್ಟಬಹುದು. ನಮ್ಮಲ್ಲಿ ಪಂಚಾಂಗವೆಂದು ಕರೆಯುವ ಅಡಿಪಾಯ ಎದ್ದ ಮೇಲೆ ಅದರ ಹೊಟ್ಟೆಯೊಳಗೆ ಮಣ್ಣು ತುಂಬಿಸುತ್ತಾರೆ. ಈ ಮಣ್ಣನ್ನು ಟಿಪ್ಪರಿನಿಂದ ಒಮ್ಮೆಗೇ ಸುರಿದು ಮೇಲೆ ಮಟ್ಟ ಮಾಡಿ ಬಿಡುವುದು ಈಗ ರೂಢಿಯಾಗಿದೆ. ಎಲ್ಲ ಕೇಡುಗಳಿಗೂ ಇದೇ ಮೂಲ. ಸಡಿಲವಾಗಿ ಸುರಿದ ಮಣ್ಣಿನ ಕಣಗಳ ನಡುವೆ ಗಾಳಿ ಉಳಿದಿರುತ್ತದೆ; ಮಳೆಗಾಲ ಕಳೆದಂತೆ ಮಣ್ಣು ಕುಸಿಯುತ್ತದೆ, ಮೇಲಿನ ಕಾಂಕ್ರೀಟಿನ ಅಡಿಯಲ್ಲಿ ಟೊಳ್ಳಾಗುತ್ತದೆ, ನೆಲ ಕೋಣೆಯ ನಡುವೆ ಅಥವಾ ಗೋಡೆಯ ಬದಿಯಲ್ಲಿ ಬಿರಿಯುತ್ತದೆ. ಆರು ಅಂಗುಲದಷ್ಟು ತುಂಬಿಸಿ, ನೀರು ಬಿಟ್ಟು, ದಿಮ್ಮಸು ಹೊಡೆದು ಗಟ್ಟಿಯಾದ ಮೇಲೆ ಮುಂದಿನ ಆರು ಅಂಗುಲ ಎಂಬ ಕ್ರಮ ನಿಧಾನವೆನಿಸಿದರೂ ಅದಕ್ಕೆ ಬದಲಿಯಿಲ್ಲ. ಅವಸರವಿಲ್ಲದವರು ಮಣ್ಣು ತುಂಬಿಸಿದ ಮೇಲೆ ಒಂದು ಮಳೆಗಾಲ ಕಳೆಯಲು ಬಿಡುವುದು ಇನ್ನೂ ಒಳ್ಳೆಯದು. ಗೆದ್ದಲಿನ ಔಷಧಿಯನ್ನು ಸಿಂಪಡಿಸಬೇಕಾದುದೂ ಮಣ್ಣು ತುಂಬಿಸುವ ಈ ಹಂತದಲ್ಲೇ. ಆಮೇಲೆ ನೆಲ ಕೊರೆಯದೆ ದಾರಿಯಿಲ್ಲ.

ಗಟ್ಟಿಯಾದ ಮಣ್ಣಿನ ಮೇಲೆ ದಪ್ಪ ಜಲ್ಲಿಯ ಒಂದು ಪದರ ಹಾಕಿದರೆ, ಜಲ್ಲಿಗಳ ನಡುವಿನ ಎಡೆ ದೊಡ್ಡದಾದ ಕಾರಣ ನೀರು ಅದನ್ನು ಹತ್ತಲಾರದು. ಅದರ ಮೇಲೆ ಹೊಯ್ಗೆ ಹರಡಿ, 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಅಂಚಿನ ಮೇಲೆ ಅಂಚು ಒಂದು ಗೇಣಿನಷ್ಟು ಬರುವಂತೆ ಹಾಸಿ, ಅದನ್ನು ಗೋಡೆಯ ಬುಡದ ತೇವತಡೆ ಪದರದವರೆಗೆ ಏರಿಸಿ, ಆಮೇಲೆ ನಾಲ್ಕು ಅಂಗುಲ ಕಾಂಕ್ರೀಟು ಹಾಕಬೇಕು. ಮಣ್ಣಿನ ಮೇಲಿನ ಈ ಕಾಂಕ್ರೀಟಿಗೆ ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಹೊಯ್ಗೆ, ಎಂಟು ಪಾಲು ಜಲ್ಲಿ ಎಂಬುದು ನಮ್ಮ ಮೇಸ್ತ್ರಿಗಳಿಗೆಲ್ಲ ಬಾಯಿಪಾಠ. ಹೊಯ್ಗೆಯ ಬಗ್ಗೆ ಒಂದು ಎಚ್ಚರ: ಅಳಿವೆಯ ಸಮೀಪದಲ್ಲಿ ತೆಗೆದ ಹೊಯ್ಗೆಯಲ್ಲಿ ಉಪ್ಪಿರುತ್ತದೆ. ನಾಲಗೆಗೆ ಒಂದು ಚಿಟಿಕೆ ಹಾಕಿ ನೋಡಿದರೂ ತಿಳಿಯುತ್ತದೆ. ಆ ಉಪ್ಪು ತೇವದಲ್ಲಿ ಕರಗಿ, ನೆಲದ ಮೈಗೆ ಬಂದು, ನೀರು ಆರಿದಾಗ ಬಿಳಿ ಹೂವಿನಂತೆ ಅರಳುತ್ತದೆ.

ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಮೊದಲ ಏಳು ದಿನ ಅದನ್ನು ಒಣಗಲು ಬಿಟ್ಟರೆ ಆ ಕೂಡುವಿಕೆ ಅರ್ಧಕ್ಕೇ ನಿಲ್ಲುತ್ತದೆ. ನೋಡಲು ಗಟ್ಟಿಯಾಗಿ ಕಂಡರೂ ಉಗುರಿನಿಂದ ಕೆರೆದರೆ ಹುಡಿ ಬರುತ್ತದೆ. ಅದೇ ರೀತಿ ನೀರುಣಿಸಿದ ಮೇಲೆ ಆರಲು ಬಿಡುವ ಕಾಲವೂ ಬೇಕು. ಒಣ ಹವೆಯಲ್ಲಿ ಕಾಂಕ್ರೀಟಿನ ಮೇಲಿನ ಗಾರೆ ದಿನಕ್ಕೆ ಒಂದು ಮಿಲಿಮೀಟರಿನಷ್ಟು ದಪ್ಪ ಆರುತ್ತದೆಂಬುದು ಒರಟು ಲೆಕ್ಕ. ಎರಡು ಅಂಗುಲದ ಗಾರೆಗೆ ಐವತ್ತು ದಿನವಾಯಿತು, ಮಳೆಗಾಲವಾದರೆ ಇನ್ನೂ ಹೆಚ್ಚು. ಟೈಲಿಗೆ ಇಷ್ಟು ಕಾಯಬೇಕಾಗಿಲ್ಲ, ಮರಕ್ಕೂ ವಿನೈಲಿಗೂ ಕಾಯದೆ ಆಗುವುದಿಲ್ಲ.

ಸೆಗಣಿ, ಕಾವಿ, ಹೆಂಚು

ನಮ್ಮ ಅಜ್ಜಿಯಂದಿರ ಕಾಲದ ನೆಲಕ್ಕೆ ಮೇಲೆ ಹೇಳಿದ ಯಾವ ತಡೆಯೂ ಇರಲಿಲ್ಲ. ಆದರೂ ಗೋಡೆಯ ಸಾರಣೆ ಉದುರುವ ದೂರು ಆಗ ಇಷ್ಟಿರಲಿಲ್ಲ. ಕಾರಣ ಸರಳವಾಗಿದೆ. ಗುದ್ದಿ ಗಟ್ಟಿ ಮಾಡಿದ ಮಣ್ಣಿನ ಮೇಲೆ ಸೆಗಣಿಯನ್ನೂ ಗೆರಟೆಯ ಕರಿಯನ್ನೂ ಕಲಸಿ, ಅಡಿಕೆ ಹಾಳೆಯ ತುಂಡಿನಿಂದ ಸಾರಿಸಿದ ನೆಲ ಉಸಿರಾಡುತ್ತಿತ್ತು. ಕೆಳಗಿನಿಂದ ಏರಿದ ತೇವ ಇಡೀ ನೆಲದ ಮೈಯಿಂದ ಸ್ವಲ್ಪ ಸ್ವಲ್ಪವಾಗಿ ಆರಿಹೋಗುತ್ತಿತ್ತು, ಜೊತೆಗೆ ಬಂದ ಉಪ್ಪು ಗುಡಿಸುವಾಗ ಹೋಗುತ್ತಿತ್ತು, ಸವೆದುದನ್ನು ಮುಂದಿನ ಸಾರಣೆ ತುಂಬುತ್ತಿತ್ತು. ಅಂತಹ ನೆಲದ ಮೇಲೆ ನೀರು ಒಳಹೋಗದ ಟೈಲನ್ನು ಹಾಸಿದಾಗ ಏರುತೇವಕ್ಕೆ ಉಳಿಯುವ ದಾರಿ ಎರಡೇ: ಟೈಲುಗಳ ನಡುವಿನ ಸಂದು ಮತ್ತು ಗೋಡೆ. ಹಳೆಯ ಮನೆಗೆ ಟೈಲು ಹಾಕಿಸಿದ ಮರುವರ್ಷವೇ ಗೋಡೆಯ ಬುಡದಲ್ಲಿ ಒಂದೂವರೆ ಎರಡು ಅಡಿಯವರೆಗೆ ಬಣ್ಣ ಗುಳ್ಳೆಯೆದ್ದು ಉದುರತೊಡಗಿದರೆ ಬಣ್ಣದ ಕಂಪೆನಿಯನ್ನು ದೂರಿ ಫಲವಿಲ್ಲ. ನೆಲದಿಂದ ಆರಿಹೋಗುತ್ತಿದ್ದ ನೀರು ಈಗ ಗೋಡೆಯನ್ನು ಹತ್ತಿದೆ.

ಕಾವಿ ನೆಲ ಇವೆರಡರ ನಡುವಿನದು, ಮತ್ತು ನನ್ನ ಮನಸ್ಸಿಗೆ ಹತ್ತಿರವಾದುದು. ಕೆಂಪುಕಲ್ಲಿಗೆ ಬಣ್ಣ ಕೊಟ್ಟ ಕಬ್ಬಿಣದ ಆಕ್ಸೈಡೇ ಕಾವಿಗೂ ಬಣ್ಣ ಕೊಡುತ್ತದೆ. ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಅದು ಮಾಸುವುದಿಲ್ಲ. ಕೆಲಸದ ಕ್ರಮ ಹೀಗೆ: ಕಾಂಕ್ರೀಟಿನ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಅಥವಾ ನಾಲ್ಕು ಪಾಲು ಹೊಯ್ಗೆಯ ಗಾರೆಯನ್ನು ಸುಮಾರು ಒಂದು ಅಂಗುಲ ದಪ್ಪಕ್ಕೆ ಹಾಕಿ ಮಟ್ಟಗೋಲಿನಿಂದ ಎಳೆಯುತ್ತಾರೆ. ಅದು ಸ್ವಲ್ಪ ಬಿಗಿದು, ಹೆಬ್ಬೆರಳಿನಿಂದ ಒತ್ತಿದರೆ ಗುರುತು ಮೂಡಬೇಕು, ಬೆರಳು ಇಳಿಯಬಾರದು ಎಂಬ ಹದಕ್ಕೆ ಬಂದಾಗ ಸಿಮೆಂಟು ಮತ್ತು ಕಾವಿಪುಡಿಯ ಮಂದವಾದ ಕಲಸನ್ನು ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಹರಡಿ ಕಬ್ಬಿಣದ ಕರಣೆಯಿಂದ ಉಜ್ಜುತ್ತಾರೆ. ಬಿಗಿಯುತ್ತಾ ಹೋದಂತೆ ಮತ್ತೆ ಮತ್ತೆ ಉಜ್ಜಬೇಕು. ಹೊಳಪು ಬರುವುದು ಬಣ್ಣದಿಂದಲ್ಲ, ಈ ಉಜ್ಜುವಿಕೆಯಿಂದ. ಕಾವಿಪುಡಿ ಸಿಮೆಂಟಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು, ಮೀರಿದರೆ ಮೇಲ್ಮೈ ಮೆದುವಾಗುತ್ತದೆ. ಇಡೀ ಮನೆಗೆ ಬೇಕಾದ ಸಿಮೆಂಟನ್ನೂ ಪುಡಿಯನ್ನೂ ಒಣಗಿರುವಾಗಲೇ ಒಟ್ಟಿಗೆ ಜರಡಿ ಹಿಡಿದು ಇಟ್ಟುಕೊಳ್ಳದಿದ್ದರೆ ಕೋಣೆಯಿಂದ ಕೋಣೆಗೆ ಬಣ್ಣ ಬೇರೆಯಾಗುತ್ತದೆ. ಕೆಲಸ ಬೇಗ ಮುಗಿಸಲೆಂದು ಒದ್ದೆ ಮೈಯ ಮೇಲೆ ಒಣ ಸಿಮೆಂಟು ಉದುರಿಸಿ ಉಜ್ಜಿದರೆ ಆರು ತಿಂಗಳಲ್ಲಿ ಜೇಡರ ಬಲೆಯಂತೆ ಕೂದಲು ಬಿರುಕು ಮೂಡುತ್ತದೆ.

ಗಟ್ಟಿಯಾಗುವಾಗ ಸಿಮೆಂಟು ಕುಗ್ಗುತ್ತದೆ, ಕುಗ್ಗುವಾಗ ಎಲ್ಲಿಯಾದರೂ ಬಿರಿಯಲೇಬೇಕು. ಎಲ್ಲಿ ಬಿರಿಯಬೇಕೆಂಬುದನ್ನು ನಾವೇ ನಿರ್ಧರಿಸುವುದು ಜಾಣತನ. ಹಳೆಯ ಚಾವಡಿಗಳ ಕಾವಿ ನೆಲದಲ್ಲಿ ಮೂರು ಮೂರು ಅಡಿಗೆ ಎಳೆದ ಗೆರೆಗಳು, ಅಂಚಿಗೆ ಬಿಡಿಸಿದ ಕರಿ ಪಟ್ಟಿ ಬರಿಯ ಅಲಂಕಾರವಲ್ಲ. ಒಂದೊಂದು ಚೌಕವೂ ತನ್ನಷ್ಟಕ್ಕೆ ಕುಗ್ಗಲು ಮಾಡಿಕೊಟ್ಟ ಅವಕಾಶ. ಈಗ ಗೆರೆ ಬೇಡ, ಒಂದೇ ಹಾಸಾಗಿ ಕಾಣಬೇಕೆಂದು ಕೇಳುವವರಿದ್ದಾರೆ. ಅವರಿಗೆ ಬಿರುಕು ತಾನಾಗಿ ಗೆರೆ ಎಳೆದುಕೊಡುತ್ತದೆ.

ಕೆಲಸ ಮುಗಿದ ಮರುದಿನ ಬಾಗಿಲಿಗೆ ಮಣ್ಣಿನ ಕಟ್ಟೆ ಕಟ್ಟಿ ಒಂದು ವಾರ ನೀರು ನಿಲ್ಲಿಸಬೇಕು. ಆಮೇಲಿನ ಆರೈಕೆಗೆ ಮೇಣದ ಪಾಲಿಶ್, ಅಥವಾ ಬಟ್ಟೆಗೆ ತಾಗಿಸಿದಷ್ಟೇ ತೆಂಗಿನೆಣ್ಣೆ ಸಾಕು. ಎಣ್ಣೆ ಹೆಚ್ಚಾದರೆ ಧೂಳು ಹಿಡಿದು ಕಪ್ಪಾಗುತ್ತದೆ, ಜಾರುತ್ತದೆ ಕೂಡ. ಕಾವಿ ನೆಲದ ದೊಡ್ಡ ಕೊರತೆಯೆಂದರೆ ತೇಪೆ. ಹತ್ತಾರು ವರ್ಷ ಕಾಲು ತಾಗಿ ಕಪ್ಪು ಮಿಶ್ರಿತ ಕೆಂಪಾದ ಮೈಗೆ ಹೊಸ ಕಲಸಿನ ಬಣ್ಣ ಎಂದೂ ಹೊಂದುವುದಿಲ್ಲ. ಆದುದರಿಂದ ಒಡೆದ ಜಾಗವನ್ನು ಮಾತ್ರ ಮುಚ್ಚುವ ಬದಲು ಗೆರೆಯಿಂದ ಗೆರೆಗೆ ಇಡೀ ಚೌಕವನ್ನೇ ಕತ್ತರಿಸಿ ತೆಗೆದು ಹೊಸತು ಹಾಕುವುದು ಮೇಲು. ಕಣ್ಣು ಅದನ್ನು ತೇಪೆಯೆಂದು ನೋಡದೆ ವಿನ್ಯಾಸವೆಂದು ಒಪ್ಪಿಕೊಳ್ಳುತ್ತದೆ.

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ್ದೇ ತಾಲೂಕಾಗಿದ್ದುದರಿಂದ ಮಂಗಳೂರಿನ ಹೆಂಚು ನಮ್ಮ ಮನೆಗಳಿಗೆ ಪರವೂರಿನ ಸರಕಾಗಿರಲಿಲ್ಲ. ಮಾಡಿನ ಹೆಂಚಿನ ಜೊತೆಗೆ ನೆಲಕ್ಕೆ ಹಾಸುವ ಚೌಕದ ಹೆಂಚೂ ಬಂತು. ಸುಟ್ಟ ಆವೆಮಣ್ಣಿನ ಈ ಹಾಸು ತಂಪು, ಒದ್ದೆಯಾದರೂ ಅಷ್ಟಾಗಿ ಜಾರುವುದಿಲ್ಲ. ಆದರೆ ನೀರನ್ನೂ ಎಣ್ಣೆಯನ್ನೂ ಹೀರುತ್ತದೆ. ಜಗಲಿಗೆ ಬಹಳ ಚೆನ್ನ, ಅಡಿಗೆಮನೆಗೆ ಬೇಡ.

ಮೊಸಾಯಿಕ್ ನೆಲದ ಬಗ್ಗೆ ಒಂದು ವಿನಂತಿ ಮಾತ್ರ. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಯಂತ್ರದಲ್ಲಿ ಒರಟು ಕಲ್ಲಿನಿಂದ ನುಣುಪು ಕಲ್ಲಿನವರೆಗೆ ಉಜ್ಜಿ ಮಾಡಿದ ಈ ನೆಲ ಮಾಸಿದಂತೆ ಕಂಡರೂ ಸತ್ತಿರುವುದಿಲ್ಲ. ಮೇಲಿನ ಒಂದು ಮಿಲಿಮೀಟರನ್ನು ಮತ್ತೆ ಉಜ್ಜಿಸಿದರೆ ಹೊಸ ಮುಖ ಹೊರಬರುತ್ತದೆ. ಮಾಸಿತೆಂದು ಅದರ ಮೇಲೆ ಟೈಲು ಹೊದೆಸುವ ಮೊದಲು ಒಂದು ಮೂಲೆಯಲ್ಲಿ ಉಜ್ಜಿಸಿ ನೋಡಿ.

ಟೈಲು ಏಕೆ ಏಳುತ್ತದೆ

ಟೈಲುಗಳೆಲ್ಲ ಒಂದೇ ಅಲ್ಲ. ಮುಖ್ಯ ವ್ಯತ್ಯಾಸ ನೀರು ಹೀರುವ ಗುಣದಲ್ಲಿದೆ. ವಿಟ್ರಿಫೈಡ್ ಟೈಲು ತನ್ನ ತೂಕದ ಶೇಕಡಾ ಅರ್ಧಕ್ಕಿಂತ ಹೆಚ್ಚು ನೀರು ಹೀರಬಾರದು. ನೆಲದ ಸಿರಾಮಿಕ್ ಟೈಲು ಸಾಮಾನ್ಯವಾಗಿ ಶೇಕಡಾ 3ರಿಂದ 6. ಗೋಡೆಯ ಟೈಲು ಶೇಕಡಾ 10ಕ್ಕಿಂತಲೂ ಹೆಚ್ಚು. ಅಂಗಡಿಯಲ್ಲೇ ಟೈಲಿನ ಬೆನ್ನಿಗೆ ಒಂದು ಹನಿ ನೀರು ಹಾಕಿ ನೋಡಬಹುದು: ಹನಿ ಹಾಗೆಯೇ ಕೂತರೆ ವಿಟ್ರಿಫೈಡ್, ಕಣ್ಣೆದುರೇ ಇಂಗಿದರೆ ಸಿರಾಮಿಕ್. ವಿಟ್ರಿಫೈಡ್‌ನಲ್ಲೂ ಡಬಲ್ ಚಾರ್ಜ್ ಎಂಬುದರಲ್ಲಿ ಬಣ್ಣದ ಪದರ ಮೂರು ನಾಲ್ಕು ಮಿಲಿಮೀಟರ್ ಆಳವಿರುತ್ತದೆ. ಗ್ಲೇಜ್ಡ್ ಟೈಲಿನಲ್ಲಿ ಚಿತ್ರವೆಲ್ಲ ಮೇಲಿನ ತೆಳ್ಳಗಿನ ಗಾಜಿನಂತಹ ಪದರದಲ್ಲೇ ಇರುತ್ತದೆ. ತೆಂಗಿನಕಾಯಿ ಸುಲಿಯುವ, ಅಡಿಕೆ ಗೋಣಿಗಳನ್ನು ಎಳೆಯುವ ಮನೆಗೆ ಮೊದಲನೆಯದೇ ತಕ್ಕುದು.

ನೀರು ಹೀರದಿರುವ ಈ ಗುಣವೇ ಅಂಟಿಸುವಾಗ ತೊಡಕಾಗುತ್ತದೆ. ಸಿಮೆಂಟು ಹಾಲು ಟೈಲಿನ ರಂಧ್ರಗಳೊಳಗೆ ಇಳಿದು, ಅಲ್ಲಿ ಬೇರೂರಿ ಹಿಡಿಯುತ್ತದೆ. ರಂಧ್ರವೇ ಇಲ್ಲದ ವಿಟ್ರಿಫೈಡ್ ಟೈಲಿಗೆ ಅದು ಹಿಡಿಯುವುದಿಲ್ಲ. ಆದುದರಿಂದ ಪಾಲಿಮರ್ ಬೆರೆತ ಟೈಲು ಗೋಂದು ಬೇಕಾಗುತ್ತದೆ. ಚೀಲದ ಮೇಲೆ ಐಎಸ್ 15477 ಎಂಬ ಮಾನಕ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು. ಸಿರಾಮಿಕ್ ಟೈಲನ್ನು ಸಿಮೆಂಟಿನಲ್ಲಿ ಕೂರಿಸುವ ಮೊದಲು ನೀರಿನಲ್ಲಿ ನೆನೆಸಬೇಕು. ಗೋಂದಿನಲ್ಲಿ ಕೂರಿಸುವುದಾದರೆ ನೆನೆಸಬಾರದು. ಈ ಎರಡು ಕ್ರಮಗಳನ್ನು ಬೆರಸಿಬಿಡುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಗೋಂದನ್ನು ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆಗೆರೆಯಾಗಿ ಎಳೆದು, ಟೈಲನ್ನು ಗೆರೆಗೆ ಅಡ್ಡಲಾಗಿ ಜಗ್ಗಾಡಿಸಿ ಒತ್ತಿದರೆ ಗೆರೆಗಳ ನಡುವಿನ ಗಾಳಿ ಹೊರಹೋಗಿ ಗೋಂದು ಪೂರ್ತಿ ಹರಡುತ್ತದೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಒತ್ತಿದ ಟೈಲು ಬೆರಳಿನಿಂದ ಬಡಿದರೆ ಡೋಲಿನಂತೆ ಸದ್ದು ಮಾಡುತ್ತದೆ, ಮೂಲೆಗೆ ಭಾರ ಬಿದ್ದ ದಿನ ಒಡೆಯುತ್ತದೆ. ಕೆಲಸ ನಡೆಯುವಾಗಲೇ ಆಗಾಗ ಒಂದು ಟೈಲನ್ನು ಎತ್ತಿಸಿ ಬೆನ್ನು ನೋಡಬೇಕು: ಒಳಕೋಣೆಯಲ್ಲಿ ಶೇಕಡಾ 80, ಬಾತ್‌ರೂಮು ಮತ್ತು ಮನೆಯ ಮುಂದಿನ ತೆರೆದ ಜಗಲಿಯಾದ ಸಿಟ್‌ಔಟ್‌ನಲ್ಲಿ ಶೇಕಡಾ 95 ಭಾಗಕ್ಕೆ ಗೋಂದು ಹತ್ತಿರಬೇಕು.

ಇನ್ನು ಸಂದಿನ ವಿಷಯ. ನಮ್ಮ ಮನೆಯ ಹೊಸ ಭಾಗಕ್ಕೆ ಟೈಲು ಹಾಕಿಸಿದಾಗ ಕೂದಲೆಳೆಯಷ್ಟೂ ಸಂದು ಕಾಣಬಾರದೆಂದು ನಾವೇ ಹೇಳಿದ್ದೆವು; ಕೆಲಸದವರೂ ಹಾಗೆಯೇ ಒತ್ತಿ ಒತ್ತಿ ಕೂರಿಸಿದರು. ಮೂರನೆಯ ವರ್ಷದ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ, ಒಳಗಿನ ಕೋಣೆಯಿಂದ ಗರ್ನಾಲು ಹೊಡೆದಂತಹ ಸದ್ದು ಬಂತು. ಹೋಗಿ ನೋಡಿದರೆ ಕೋಣೆಯ ನಡುವೆ ಎರಡು ಟೈಲುಗಳು ಒಂದಕ್ಕೊಂದು ತಲೆಯಾನಿಸಿ ಮನೆಯ ಮಾಡಿನಂತೆ ಎದ್ದು ನಿಂತಿದ್ದವು. ಅಡಿಯಲ್ಲಿ ಸಿಮೆಂಟಿನ ಹಾಸು ಟೈಲಿನ ಬೆನ್ನಿನ ಗೆರೆಗಳ ಅಚ್ಚನ್ನು ಹೊತ್ತು ಹಾಗೆಯೇ ಇತ್ತು. ಅಂದರೆ ಸಿಮೆಂಟು ಟೈಲಿಗೆ ತಾಗಿತ್ತೇ ಹೊರತು ಅದನ್ನು ಹಿಡಿದಿರಲಿಲ್ಲ.

ಇದು ಭೂಕಂಪವೂ ಅಲ್ಲ, ಕೆಟ್ಟ ಶಕುನವೂ ಅಲ್ಲ. ಕಾಂಕ್ರೀಟು ಹಾಕಿದ ಮೇಲೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. 6 ಮೀಟರ್ ಉದ್ದದ ಕೋಣೆಯಲ್ಲಿ ಒಟ್ಟು ಎರಡು ಮೂರು ಮಿಲಿಮೀಟರಿನಷ್ಟು. ಟೈಲು ಕುಗ್ಗುವುದಿಲ್ಲ, ಬದಲಿಗೆ ಬಿಸಿಲಿನ ದಿನಗಳಲ್ಲಿ ತುಸು ಹಿಗ್ಗುತ್ತದೆ. ಗೋಡೆಯಿಂದ ಗೋಡೆಗೆ ಬಿಗಿಯಾಗಿ ತುಂಬಿದ ಸಾಲಿನಲ್ಲಿ ಈ ವ್ಯತ್ಯಾಸಕ್ಕೆ ಹೋಗಲು ಜಾಗವಿಲ್ಲ, ಒತ್ತಡ ಏರುತ್ತಾ ಹೋಗುತ್ತದೆ, ಹಿಡಿತ ಸಡಿಲವಾಗಿರುವ ಜಾಗದಲ್ಲಿ ಒಮ್ಮೆಗೇ ಸಿಡಿಯುತ್ತದೆ. ಎರಡು ಮಿಲಿಮೀಟರಿಗೆ ಇಷ್ಟೊಂದು ಏಳುವುದು ಹೇಗೆಂದು ಅನಿಸಬಹುದು. 60 ಸೆಂಟಿಮೀಟರಿನ ಎರಡು ಟೈಲುಗಳನ್ನು 120 ಸೆಂಟಿಮೀಟರಿಗೆ ಬರಿಯ 2 ಮಿಲಿಮೀಟರ್ ಕಡಿಮೆ ಇರುವ ಜಾಗದೊಳಗೆ ತೂರಿಸಬೇಕಾದರೆ ನಡುವಿನ ತುದಿ ಮೂರೂವರೆ ಸೆಂಟಿಮೀಟರ್ ಮೇಲೇಳಬೇಕಾಗುತ್ತದೆ. ಕಾಗದದ ಮೇಲೆ ತ್ರಿಕೋನ ಬರೆದು ಲೆಕ್ಕ ಮಾಡಿದರೆ ಯಾರಿಗೂ ಈ ಉತ್ತರ ಸಿಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಟೈಲುಗಳ ನಡುವೆ ಸ್ಪೇಸರ್ ಇಟ್ಟು ಎರಡು ಮೂರು ಮಿಲಿಮೀಟರ್ ಬಿಡಬೇಕು. ಗೋಡೆಯ ಬುಡದಲ್ಲಿ ಸುತ್ತಲೂ ಆರರಿಂದ ಎಂಟು ಮಿಲಿಮೀಟರ್ ಬಿಡಬೇಕು, ಅದನ್ನು ಸಿಮೆಂಟಿನಿಂದ ತುಂಬಬಾರದು. ಮೇಲೆ ಸ್ಕರ್ಟಿಂಗ್ ಬರುವುದರಿಂದ ಅದು ಕಾಣುವುದೂ ಇಲ್ಲ. ಉದ್ದನೆಯ ಹಜಾರವಾದರೆ ಇಪ್ಪತ್ತೈದು ಅಡಿಗೊಮ್ಮೆ, ಬಿಸಿಲು ಬೀಳುವ ಸಿಟ್‌ಔಟ್ ಮತ್ತು ತಾರಸಿಯಲ್ಲಿ ಹತ್ತು ಹನ್ನೆರಡು ಅಡಿಗೊಮ್ಮೆ ಒಂದು ಸಂದನ್ನು ರಬ್ಬರಿನಂತೆ ಬಾಗುವ ಸೀಲೆಂಟ್‌ನಿಂದ ತುಂಬಬೇಕು. ಕಣ್ಣಿಗೆ ಸಂದು ಕಾಣುವುದೆಂಬ ಬೇಸರಕ್ಕಿಂತ ಎದ್ದ ಟೈಲಿನ ಬೇಸರ ದೊಡ್ಡದು.

ಬಾತ್‌ರೂಮಿನಲ್ಲಿ ಟೈಲು ನೀರನ್ನು ತಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೀರು ಸಂದುಗಳಿಂದ ಇಳಿದೇ ಇಳಿಯುತ್ತದೆ. ಅದನ್ನು ತಡೆಯಬೇಕಾದುದು ಟೈಲಿನ ಅಡಿಯಲ್ಲಿ ನೆಲಕ್ಕೂ ಗೋಡೆಯ ಬುಡದ ಒಂದಡಿಗೂ ಬಳಿದ ನೀರುನಿರೋಧಕ ಪದರ. ಅದನ್ನು ಬಳಿದು ಒಣಗಿದ ಮೇಲೆ, ಟೈಲು ಹಾಕುವ ಮೊದಲು, ಕೊಳವೆಯ ಬಾಯಿ ಮುಚ್ಚಿ ಎರಡು ಅಂಗುಲ ನೀರು ನಿಲ್ಲಿಸಿ ಗೋಡೆಗೆ ಗುರುತು ಹಾಕಿ ಎರಡು ದಿನ ಕಾಯಬೇಕು. ಇಳಿಜಾರು ಹತ್ತು ಅಡಿಗೆ ಒಂದೂವರೆಯಿಂದ ಎರಡು ಅಂಗುಲ ಸಾಕು; ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ವಯಸ್ಸಾದವರ ಕಾಲು ನಿಲ್ಲುವುದಿಲ್ಲ. ಇಲ್ಲಿಯೂ ಸಿಟ್‌ಔಟ್‌ನಲ್ಲೂ ಕನ್ನಡಿಯಂತೆ ಹೊಳೆಯುವ ಟೈಲು ಹಾಕುವುದನ್ನು ದಯವಿಟ್ಟು ಬಿಡಿ. ಮಳೆಯಲ್ಲಿ ತೋಟದಿಂದ ಬಂದವರ ಒದ್ದೆ ಕಾಲಿಗೆ ಅದು ಮಂಜಿನ ಹಾಸು. ಒಂದು ಸೊಂಟ ಮುರಿತದಿಂದ ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕಲ್ಲು, ಮರ

ಗ್ರಾನೈಟ್ ಗಟ್ಟಿ, ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಮೃತಶಿಲೆ ಹಾಗಲ್ಲ, ಅದು ಸುಣ್ಣದ ಕಲ್ಲಿನ ಬಂಧು. ನಿಂಬೆರಸ, ಹುಣಸೆಹುಳಿ, ಶೌಚಾಲಯ ತೊಳೆಯುವ ಆಸಿಡ್ ಯಾವುದು ಬಿದ್ದರೂ ಆ ಜಾಗದಲ್ಲಿ ಹೊಳಪು ಸತ್ತು ಮಂಕು ಕಲೆ ಉಳಿಯುತ್ತದೆ. ಅದು ಕೊಳೆಯಲ್ಲ, ಕಲ್ಲೇ ಕರಗಿದ ಗುರುತು; ತೊಳೆದರೆ ಹೋಗುವುದಿಲ್ಲ, ಉಜ್ಜಿಸಲೇಬೇಕು. ಹುಳಿ ಹಾಕಿ ದೀಪದ ಕಂಬ ತಿಕ್ಕುವ ಪೂಜಾಕೋಣೆಗೆ ಬಿಳಿ ಅಮೃತಶಿಲೆ ಹಾಸುವವರು ಇದನ್ನು ನೆನಪಿಡಬೇಕು.

ಮರದ ಲ್ಯಾಮಿನೇಟ್ ಹಾಸಿನ ಬಗ್ಗೆ ನನ್ನ ಅಭಿಪ್ರಾಯ ಕಠಿಣ: ನಮ್ಮ ಕರಾವಳಿಯ ನೆಲಮಹಡಿಗೆ ಅದು ಹೇಳಿದ್ದಲ್ಲ. ಒತ್ತಿದ ಮರದ ಹುಡಿಯ ಅದರ ಒಡಲು ತೇವ ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಗಲ್ಫಿನಲ್ಲಿರುವವರು ಕಟ್ಟಿಸಿ ವರ್ಷದ ಬಹುಪಾಲು ಬೀಗ ಹಾಕಿಡುವ ಮನೆಗಳಲ್ಲಿ, ಗಾಳಿಯೇ ಆಡದೆ, ಅದರ ಗತಿ ಇನ್ನೂ ಬೇಗ ಕೆಡುತ್ತದೆ. ಕಲ್ಲುಪುಡಿ ಬೆರೆತ ವಿನೈಲ್ ಹಲಗೆಗಳು ನೀರಿಗೆ ಕೆಡುವುದಿಲ್ಲ. ಆದರೆ ಅಡಿಯಲ್ಲಿ ಏರುತೇವವಿದ್ದರೆ ಅದನ್ನು ಬಂಧಿಸಿಟ್ಟು ಬೂಸಲಿಗೆ ಮನೆ ಮಾಡಿಕೊಡುತ್ತವೆ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಇಲ್ಲಿ ಕಡ್ಡಾಯ.

ದುರಸ್ತಿ ಮತ್ತು ಆರೈಕೆ

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮರದ ಹಿಡಿಯ ಒಂದು ಸಣ್ಣ ಕೋಲು ಹಿಡಿದು ಕೋಣೆಯ ಟೈಲುಗಳನ್ನು ಒಂದೊಂದಾಗಿ ಬಡಿದು ನೋಡಿ ಪೊಳ್ಳು ಸದ್ದು ಬಂದವಕ್ಕೆ ಸೀಮೆಸುಣ್ಣದ ಗುರುತು ಹಾಕುವುದು ಒಳ್ಳೆಯ ಅಭ್ಯಾಸ. ಅಲ್ಲೊಂದು ಇಲ್ಲೊಂದು ಪೊಳ್ಳಿದ್ದು, ಅಲುಗದಿದ್ದರೆ ಬಿಟ್ಟುಬಿಡಬಹುದು. ಸಾಲಾಗಿ ಐದಾರು ಪೊಳ್ಳಾಗಿದ್ದರೆ ಒತ್ತಡ ಏರುತ್ತಿದೆಯೆಂದು ಅರ್ಥ. ಎದ್ದು ಒಡೆಯುವ ಮೊದಲೇ ಗೋಡೆಯ ಬದಿಯ ಸಂದನ್ನು ಕಟ್ಟರಿನಿಂದ ಕೊಯ್ದು ಬಿಡುವು ಕೊಡಬೇಕು. ಒಡೆದ ಒಂದು ಟೈಲನ್ನು ಬದಲಿಸುವಾಗ ಮೊದಲು ಸುತ್ತಲಿನ ಸಂದನ್ನು ಪೂರ್ತಿ ಕೊಯ್ದು ತೆಗೆಯಬೇಕು, ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಒಡೆಯುತ್ತಾ ಬರಬೇಕು. ಅಂಚಿನಿಂದ ಉಳಿ ಹಾಕಿದರೆ ಪಕ್ಕದ ಟೈಲಿನ ತುಟಿ ಹಾರುತ್ತದೆ. ಹಳೆಯ ಗೋಂದು ಅಥವಾ ಸಿಮೆಂಟನ್ನು ಹೊಸ ಗೋಂದಿಗೆ ಬೇಕಾದಷ್ಟು ಆಳಕ್ಕೆ ಕೆತ್ತದೆ ಕೂರಿಸಿದರೆ ಹೊಸ ಟೈಲು ಎತ್ತರವಾಗಿ ನಿಂತು ಕಾಲಿಗೆ ತಾಗುತ್ತದೆ. ಕೊಯ್ಯುವಾಗ ಏಳುವ ಹುಡಿಯಲ್ಲಿ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುವ ಸಿಲಿಕಾ ಇರುತ್ತದೆ. ನೀರು ಬಿಟ್ಟು ಕೊಯ್ಯಿಸಬೇಕು, ಕೆಲಸದವರಿಗೆ ಒಳ್ಳೆಯ ಮಾಸ್ಕನ್ನೂ ಕೈಗವಸನ್ನೂ ಮನೆಯವರೇ ತಂದುಕೊಡಬೇಕು. ಹಸಿ ಸಿಮೆಂಟು ಕೈ ತಿನ್ನುವುದನ್ನು ಅವರು ಹೇಳದೆ ಸಹಿಸಿಕೊಳ್ಳುತ್ತಾರೆ.

ಬಿಳಿ ಉಪ್ಪಿನ ಹೂ ಎದ್ದಾಗ ಒದ್ದೆ ಬಟ್ಟೆಯಿಂದ ಒರಸಬಾರದು. ಉಪ್ಪು ಕರಗಿ ಮತ್ತೆ ಒಳಕ್ಕೇ ಇಳಿಯುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿ, ಗುಡಿಸಿ ಹೊರಹಾಕಬೇಕು. ಕಬ್ಬಿಣದಂಶ ಹೆಚ್ಚಿರುವ ಬಾವಿ ನೀರಿನಿಂದ ಬಾತ್‌ರೂಮಿನ ಟೈಲಿಗೆ ಹಿಡಿಯುವ ಕಂದು ಕಲೆಗೆ ಆಕ್ಸಾಲಿಕ್ ಆಮ್ಲದ ತಿಳಿ ದ್ರಾವಣ ಸಾಕು, ಅಮೃತಶಿಲೆಯ ಮೇಲೆ ಮಾತ್ರ ಅದೂ ಬೇಡ. ತೀವ್ರವಾದ ಆಸಿಡ್ ಸುರಿದರೆ ಟೈಲಿಗೆ ಏನೂ ಆಗದಿದ್ದರೂ ಸಂದಿನ ಸಿಮೆಂಟು ಕರಗುತ್ತದೆ, ಆ ದಾರಿಯಲ್ಲಿ ನೀರು ಇಳಿಯುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಎಂದೂ ಬಳಸಬಾರದು. ಅವು ಕೂಡಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಸಣ್ಣದಾದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಟೈಲು ಕೊಳ್ಳುವಾಗ ಲೆಕ್ಕಕ್ಕಿಂತ ಶೇಕಡಾ 10 ಹೆಚ್ಚು ಕೊಂಡು, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ನೋಡಿ, ಕೆಲಸ ಮುಗಿದ ಮೇಲೆ ಒಂದು ಪೂರ್ತಿ ಪೆಟ್ಟಿಗೆಯನ್ನು ಅಟ್ಟದಲ್ಲಿ ಇಟ್ಟುಕೊಳ್ಳಿ. ಎರಡು ವರ್ಷ ಕಳೆದರೆ ಅದೇ ಟೈಲು ಅಂಗಡಿಯಲ್ಲಿ ಸಿಗುವುದು ಅಪರೂಪ. ಅದೇ ಪೆಟ್ಟಿಗೆಯೊಳಗೆ, ನೆಲ ಮುಚ್ಚುವ ಮೊದಲು ತೆಗೆದ ಕೊಳವೆ ಮತ್ತು ತಂತಿಗಳ ಫೋಟೋಗಳನ್ನೂ, ಅವು ಗೋಡೆಯಿಂದ ಎಷ್ಟೆಷ್ಟು ಅಡಿ ದೂರದಲ್ಲಿವೆ ಎಂದು ಬರೆದ ಒಂದು ಚೀಟಿಯನ್ನೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಡಿ. ಮುಂದೊಂದು ದಿನ ನೆಲ ಕೊರೆಯಬೇಕಾಗಿ ಬಂದಾಗ ಕಟ್ಟರ್ ಹಿಡಿದವನು ಮೊದಲು ಕೇಳುವುದು ಅದನ್ನೇ.